ಸಾರಿಗೆ ಬೀಳುವ ಮೊದಲೇ ನಾಯಿಯ ಪಾಲು

ಭಾನುವಾರ ಬೆಳಿಗ್ಗೆ ಕುಮಟಾದಿಂದ ಹೊನ್ನಾವರದ ಕಡೆ ಹೆದ್ದಾರಿ ಹಿಡಿದು ಹೊರಟರೆ, ಧಾರೇಶ್ವರದ ಆಚೀಚೆ ಕೋಳಿ ಅಂಗಡಿಗಳ ಮುಂದೆ ಬೈಕುಗಳು ನಿಂತಿರುತ್ತವೆ. ಮಧ್ಯಾಹ್ನ ಎರಡರ ಹೊತ್ತಿಗೆ ಅದೇ ಕೋಳಿಯ ಎಲುಬು, ಉಳಿದ ಸಾರು ಅನ್ನದ ಜೊತೆ ಹಿತ್ತಲಲ್ಲಿ ಕಾದು ಕೂತ ನಾಯಿಯ ತಟ್ಟೆ ಸೇರುತ್ತದೆ. ಹಾಕುವವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ನಾಯಿಗೆ ಎಂದೂ ಹಾಕಬಾರದ ಎಲುಬು ಇದೇ: ಬೆಂದದ್ದು. ಅದೇ ಮನೆಯವರಿಗೆ ಹಸಿ ಎಲುಬು ಕೊಟ್ಟು ನೋಡಿ ಎಂದರೆ ಹಿಂಜರಿಯುತ್ತಾರೆ. ಹಸಿ ಮಾಂಸದ ರುಚಿ ಹತ್ತಿದರೆ ನಾಯಿ ಕೋಳಿಗೂಡಿಗೆ ನುಗ್ಗುತ್ತದೆ, ಮನೆಯವರನ್ನೇ ಕಚ್ಚುತ್ತದೆ ಎಂಬ ಭಯ. ನಾಯಿ ಕೋಳಿಯ ಬೆನ್ನಟ್ಟುವುದು ಓಡುವುದನ್ನು ಹಿಡಿಯುವ ಹುಟ್ಟುಗುಣದಿಂದ. ಅನ್ನ ಮಜ್ಜಿಗೆಯಲ್ಲೇ ಬೆಳೆದ ನಾಯಿಯೂ ಅದನ್ನು ಮಾಡುತ್ತದೆ. ನಾವು ಹೆದರಬೇಕಾದದ್ದು ಬೆಂದ ಎಲುಬಿಗೆ.

ಕಾರಣ ಎಲುಬಿನ ಕಟ್ಟಡದಲ್ಲೇ ಇದೆ. ನೀರಿನಂಶ ಬಿಟ್ಟರೆ ಎಲುಬಿನ ಮೂರರಲ್ಲಿ ಎರಡು ಪಾಲು ಕ್ಯಾಲ್ಸಿಯಂ, ರಂಜಕಗಳ ಗಟ್ಟಿ ಖನಿಜ. ಉಳಿದದ್ದರಲ್ಲಿ ಹೆಚ್ಚಿನದು ಕೊಲ್ಯಾಜನ್ ಎಂಬ ನಾರಿನಂಥ ಪ್ರೋಟೀನು. ಹಸಿ ಎಲುಬು ಹಲ್ಲಿನಡಿ ಸ್ವಲ್ಪ ಬಾಗಿ, ಜಜ್ಜಿ, ಪುಡಿಯಾಗುವುದು ಈ ನಾರಿನಿಂದ. ಒಲೆಯ ಮೇಲೆ ಕುದಿದಾಗ ಕೊಲ್ಯಾಜನ್ ಕರಗಿ ಸಾರಿಗೆ ಇಳಿಯುತ್ತದೆ. ಕಾಲುಸೂಪು ತಣಿದ ಮೇಲೆ ಹೆಪ್ಪುಗಟ್ಟುವುದೂ ಅದರಿಂದಲೇ. ಪಾತ್ರೆಯಲ್ಲಿ ಉಳಿದ ಎಲುಬು ಬಾಗುವ ಗುಣ ಕಳೆದುಕೊಂಡು ಗಾಜಿನ ಹಾಗೆ ಚೂಪು ಚೂಪಾಗಿ ಸೀಳುತ್ತದೆ. ಆ ಸೀಳು ಗಂಟಲಲ್ಲಿ ಚುಚ್ಚಬಹುದು, ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು, ಕರುಳನ್ನೇ ತೂತು ಮಾಡಬಹುದು. ಅಂಗಡಿಯ ಬ್ರಾಯ್ಲರ್ ಸುಮಾರು ಆರು ವಾರದ ಮರಿ, ಅದರ ಎಲುಬು ಎಳೆಯದು. ನಾಟಿ ಕೋಳಿ ತಿಂಗಳುಗಟ್ಟಲೆ ಬೆಳೆದದ್ದು, ಬೇಯಿಸುವ ಹೊತ್ತೂ ಹೆಚ್ಚು. ಹಬ್ಬಕ್ಕೆ ನೆಂಟರು ಬಂದಾಗ ಮಾಡಿದ ನಾಟಿ ಕೋಳಿಯ ಕಾಲಿನ ಎಲುಬು ಇವೆಲ್ಲಕ್ಕಿಂತ ಕೆಟ್ಟದ್ದು.

ಸಾರಿನ ಎಲುಬಿಗೆ ಇನ್ನೊಂದು ದೋಷವೂ ಉಂಟು. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹತ್ತಿರುತ್ತದೆ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹೆಚ್ಚು ತಿಂದರೆ ಕೆಲವು ದಿನಗಳಲ್ಲಿ ನಾಯಿ ರಕ್ತಹೀನತೆಯಿಂದ ಸೊರಗುತ್ತದೆ. ಸಣ್ಣ ನಾಯಿಗೆ ಅಪಾಯ ಬೇಗ.

ಹಾಗಾದರೆ ಹಸಿ ಎಲುಬು ಪೂರ್ತಿ ಸುರಕ್ಷಿತವೇ? ಅಲ್ಲ. ಜಗತ್ತಿನ ಪಶುವೈದ್ಯರಲ್ಲೂ ಈ ವಿಷಯಕ್ಕೆ ಒಮ್ಮತವಿಲ್ಲ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲಿಂಗ್‌ಹರ್ಸ್ಟ್ 1993ರಲ್ಲಿ ನಾಯಿಗೆ ಎಲುಬು ಕೊಡಿ ಎಂದೇ ಪುಸ್ತಕ ಬರೆದರು. ಅದೇ ದೇಶದ ಟಾಮ್ ಲಾನ್ಸ್‌ಡೇಲ್ 2001ರಲ್ಲಿ ಮಾಂಸ ಸಹಿತ ಹಸಿ ಎಲುಬಿನ ಪರವಾಗಿ ಇನ್ನೊಂದು ಪುಸ್ತಕ ತಂದರು. ಬ್ರೆಜಿಲ್‌ನ ಸಂಶೋಧಕರು ಬೀಗಲ್ ನಾಯಿಗಳಿಗೆ ದನದ ಹಸಿ ಎಲುಬು ಅಗಿಯಲು ಕೊಟ್ಟಾಗ ಹಲ್ಲಿನ ಮೇಲೆ ಕಟ್ಟಿದ್ದ ಗಟ್ಟಿ ಕರೆ ಕೆಲವೇ ದಿನಗಳಲ್ಲಿ ಗಣನೀಯವಾಗಿ ಕಡಿಮೆಯಾಯಿತು. ಈ ಅಧ್ಯಯನ ಪ್ರಕಟವಾದದ್ದು 2016ರಲ್ಲಿ. ಇನ್ನೊಂದು ಕಡೆ, ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸಾಹಾರ ಬೇಡ ಎಂಬ ನಿಲುವು ತಳೆದಿದೆ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ನಾಯಿಯ ಮೂಲಕ ಮನೆಮಂದಿಗೆ ದಾಟುತ್ತವೆ ಎಂಬುದು ಅದರ ಆತಂಕ. 2018ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಹಸಿ ಕೋಳಿ ಮಾಂಸಕ್ಕೂ, ನಾಯಿಯ ಹಿಂಗಾಲಿನಿಂದ ಶುರುವಾಗುವ ಒಂದು ಬಗೆಯ ಪಾರ್ಶ್ವವಾಯುವಿಗೂ ನಂಟು ಕಂಡುಹಿಡಿದರು. ಆ ಕಾಯಿಲೆ ಅಪರೂಪ, ನಿಜ. ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಾತು.

ಎರಡೂ ಕಡೆಯವರ ಮಾತು ಓದಿದ ಮೇಲೆ ನನಗೆ ಉಳಿದ ತೀರ್ಮಾನ ಇಷ್ಟು: ಎಲುಬು ನಾಯಿಯ ಊಟವಲ್ಲ, ಅಪರೂಪಕ್ಕೆ ಕೊಡುವ ಅಗಿತದ ಸಾಮಾನು. ನಾಯಿ ಅಂದರೆ ತೋಳ, ತೋಳಕ್ಕೆ ಯಾರು ಅನ್ನ ಬೇಯಿಸಿ ಹಾಕಿದರು ಎಂದು ಕೆಲವರು ವಾದಿಸುತ್ತಾರೆ. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಸಂಶೋಧನೆ ಆ ವಾದವನ್ನು ಸಡಿಲ ಮಾಡಿತು. ಮನುಷ್ಯನ ಜೊತೆ ಸಾವಿರಾರು ವರ್ಷ ಉಂಡು ಬಾಳಿದ ನಾಯಿಯ ದೇಹ ಪಿಷ್ಟವನ್ನು ಜೀರ್ಣಿಸುವ ಶಕ್ತಿಯನ್ನು ತೋಳಕ್ಕಿಂತ ಎಷ್ಟೋ ಪಟ್ಟು ಹೆಚ್ಚಿಸಿಕೊಂಡಿದೆ. ನಮ್ಮ ಕರಾವಳಿಯ ಗಂಜಿ ಉಂಡ ನಾಯಿ ತಪ್ಪು ಆಹಾರ ಉಂಡಿಲ್ಲ. ಅದಕ್ಕೆ ಬರೀ ಗಂಜಿ ಸಾಲದು ಅಷ್ಟೆ.

ಆಸ್ಟ್ರೇಲಿಯಾದ ಪುಸ್ತಕ ಹಿಡಿದು ಧಾರೇಶ್ವರದಲ್ಲಿ ಎಲುಬು ಆರಿಸಲು ಆಗುವುದಿಲ್ಲ. ಇಲ್ಲಿನ ಅಂಗಡಿಯಲ್ಲಿ ಸಿಗುವುದು ಕೋಳಿ, ಆಡು, ಕುರಿ. ಮುಖ್ಯ ನಿಯಮ, ಎಲುಬು ನಾಯಿಯ ಮೂತಿಗಿಂತ ದೊಡ್ಡದಿರಬೇಕು, ಇಡಿಯಾಗಿ ನುಂಗಲು ಬರಬಾರದು. ಆಡಿನ ಕುತ್ತಿಗೆ, ಸ್ವಲ್ಪ ಮಾಂಸ ಅಂಟಿಕೊಂಡ ಪಕ್ಕೆಲುಬಿನ ಪಟ್ಟಿ ಮಧ್ಯಮ ಗಾತ್ರದ ನಾಯಿಗೆ ಒಳ್ಳೆಯದು. ಅಂಗಡಿಯವರಿಗೆ ಕಡಿಯದೆ ಕೊಡಲು ಹೇಳಬೇಕು. ಕತ್ತಿಯ ಏಟು ಬಿದ್ದ ಎಲುಬಿನ ಅಂಚು ಹಸಿಯಿದ್ದರೂ ಚೂಪು. ಬ್ರಾಯ್ಲರ್ ಕುತ್ತಿಗೆ ಸಣ್ಣ ಜಾತಿಯ, ನಿಧಾನವಾಗಿ ತಿನ್ನುವ ನಾಯಿಗೆ ಮಾತ್ರ. ಲ್ಯಾಬ್ರಡಾರ್‌ಗೆ ಕೊಟ್ಟರೆ ಅಗಿಯದೆ ಒಂದೇ ಗುಕ್ಕಿಗೆ ನುಂಗುತ್ತದೆ. ದೊಡ್ಡ ಪ್ರಾಣಿಯ ತೊಡೆಯ ಎಲುಬು ಬೇಡ. ಅದು ನಾಯಿಯ ಹಲ್ಲು ಮುರಿಯುವಷ್ಟು ಗಟ್ಟಿ. ಮೇಲ್ದವಡೆಯ ದೊಡ್ಡ ಹಲ್ಲು ಹಲಗೆಯಾಗಿ ಸೀಳುವುದು ಇಂಥ ಎಲುಬಿನಿಂದಲೇ. ನಾಯಿಗಿರುವುದು 42 ಹಲ್ಲು. ಮರಿಯಲ್ಲಿ ಬಂದ ಹಾಲುಹಲ್ಲು ಬಿದ್ದು ಇವು ಬಂದ ಮೇಲೆ ಮತ್ತೆ ಹುಟ್ಟುವುದಿಲ್ಲ. ಉಂಗುರದಂತೆ ಕತ್ತರಿಸಿದ ನಳ್ಳಿ ಮೂಳೆಯೂ ಬೇಡ, ಅದು ಕೆಳದವಡೆಗೆ ಸಿಕ್ಕಿಕೊಂಡು ತೆಗೆಯಲು ಬರುವುದಿಲ್ಲ. ಒಳಗಿನ ಮಜ್ಜೆಯ ಕೊಬ್ಬಿಗೆ ಎಷ್ಟೋ ನಾಯಿಗಳು ವಾಂತಿ ಮಾಡುತ್ತವೆ.

ಪ್ಯಾಕೆಟ್ಟಿನಲ್ಲಿ ಬರುವ, ಹೊಗೆಯಲ್ಲಿ ಒಣಗಿಸಿದ ಎಲುಬುಗಳನ್ನು ಈಗ ಹಳ್ಳಿಯಲ್ಲೂ ಕೊರಿಯರ್‌ನಲ್ಲಿ ತರಿಸುತ್ತಾರೆ. ಅವೂ ಬೆಂದ ಎಲುಬಿನ ಜಾತಿಗೇ ಸೇರಿದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಎಚ್ಚರಿಕೆ ಕೊಟ್ಟದ್ದು ಇವುಗಳ ಬಗ್ಗೆಯೇ. ಅದರ ಕೈಸೇರಿದ್ದ ಸುಮಾರು 68 ದೂರುಗಳಲ್ಲಿ 15 ನಾಯಿಗಳು ಸತ್ತಿದ್ದವು.

ವಾರಕ್ಕೊಮ್ಮೆ ಸಾಕು. ನಾಯಿ ಹಸಿದು ಬೊಬ್ಬೆ ಹೊಡೆಯುವ ಹೊತ್ತಿಗೆ ಕೊಡಬೇಡಿ, ಆತುರದಲ್ಲಿ ನುಂಗುತ್ತದೆ. ಊಟವಾದ ಮೇಲೆ ಕೊಟ್ಟು, ಕಣ್ಣೆದುರೇ ಇಟ್ಟುಕೊಂಡು, ಹದಿನೈದು ನಿಮಿಷ ಅಗಿಯಲು ಬಿಟ್ಟು ಉಳಿದದ್ದನ್ನು ತೆಗೆಯಬೇಕು. ಬಾಯಿಂದ ಕಿತ್ತುಕೊಳ್ಳಲು ಹೋದರೆ ಯಾವ ಸಾಧು ನಾಯಿಯೂ ಗುರ್ ಎನ್ನುತ್ತದೆ. ಬೇಯಿಸಿದ ಮೊಟ್ಟೆಯ ತುಂಡು ತೋರಿಸಿ, ಅದರ ಬದಲಿಗೆ ಎಲುಬು ತೆಗೆದುಕೊಳ್ಳಿ. ಎರಡು ನಾಯಿ ಇದ್ದರೆ ಬೇರೆ ಬೇರೆ ಕಡೆ ಕಟ್ಟಿ ಕೊಡಿ. ಮಕ್ಕಳನ್ನು ಆ ಹೊತ್ತು ಹತ್ತಿರ ಬಿಡಬೇಡಿ.

ನಮ್ಮೂರಿನ ಮಳೆಗಾಲಕ್ಕೆ ಪ್ರತ್ಯೇಕ ಎಚ್ಚರ ಬೇಕು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಂತು ಮೀನು ದುಬಾರಿಯಾಗುತ್ತದೆ, ಮನೆಗೆ ಕೋಳಿ ತರುವುದು ಹೆಚ್ಚುತ್ತದೆ. ಅದೇ ತಿಂಗಳುಗಳಲ್ಲಿ ಹಸಿ ಎಲುಬು ಗಂಟೆಗಳೊಳಗೆ ಕೆಡುತ್ತದೆ, ನೊಣ ಮುತ್ತುತ್ತದೆ. ನಾಯಿ ಹಳೆಯ ಎಲುಬನ್ನು ಅಡಿಕೆ ಗಿಡದ ಬುಡದಲ್ಲಿ ಹೂತಿಟ್ಟು ಎರಡು ದಿನ ಬಿಟ್ಟು ತೋಡಿ ತಿನ್ನಲು ಬಿಡಬಾರದು. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಅರ್ಧವೇ ನಿಜ. ದಿನಗಟ್ಟಲೆ ಗಡ್ಡೆಕಟ್ಟಿಸಿದರೆ ಕೆಲವು ಹುಳುಗಳ ಮರಿಗಳು ಸಾಯುತ್ತವೆ, ಬ್ಯಾಕ್ಟೀರಿಯಾ ಸುಮ್ಮನೆ ಮಲಗಿರುತ್ತವೆ. ಗಾಳಿಮಳೆಗೆ ಕರೆಂಟು ಹೋಗಿ ಕರಗಿದ ಎಲುಬನ್ನು ಮತ್ತೆ ಗಡ್ಡೆಕಟ್ಟಿಸಿ ಕೊಡಲೇಬಾರದು. ಎಲುಬು ಕೊಡುವ ಜಾಗ ಜಗುಲಿಯಾಗಿರದೆ ತೊಳೆಯಲು ಬರುವ ಸಿಮೆಂಟು ನೆಲವಾಗಿರಲಿ. ಕೈ, ತಟ್ಟೆ, ನೆಲ ಮೂರನ್ನೂ ಸೋಪು ಹಾಕಿ ತೊಳೆಯಿರಿ. ಮನೆಯಲ್ಲಿ ಬಸುರಿಯರು, ಎಳೆ ಕೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಹಸಿ ಎಲುಬಿನ ಯೋಚನೆಯನ್ನೇ ಬಿಡಿ.

ಎಲುಬಿನ ಜೊತೆ ಅಂಗಡಿಯವರು ಪುಕ್ಕಟೆ ಕೊಡುವ ಹಸಿ ಶ್ವಾಸಕೋಶ, ಪಿತ್ತಜನಕಾಂಗಗಳ ಬಗ್ಗೆ ನಾನು ಹೆಚ್ಚು ಹೆದರುತ್ತೇನೆ. ಆಡು ಕುರಿಗಳ ಈ ಅಂಗಗಳಲ್ಲಿ ನೀರುಗುಳ್ಳೆಯಾಗಿ ಕೂತಿರುವ ಒಂದು ಲಾಡಿಹುಳು ನಾಯಿಯ ಕರುಳಲ್ಲಿ ದೊಡ್ಡದಾಗಿ, ಮಲದಲ್ಲಿ ಮೊಟ್ಟೆ ಬಿಡುತ್ತದೆ. ಆ ಮೊಟ್ಟೆ ನಾಯಿಯ ಮೈಸವರಿದ ಕೈಯಿಂದ ಬಾಯಿಗೆ ಹೋದರೆ ಮನುಷ್ಯನ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ಹೈಡಾಟಿಡ್ ಗಡ್ಡೆ ಬೆಳೆಯುತ್ತದೆ, ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಅವನ್ನು ಅರ್ಧ ತಾಸಿಗಿಂತ ಹೆಚ್ಚು ಚೆನ್ನಾಗಿ ಕುದಿಸಿಯೇ ಕೊಡಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತಿನ ಮಾತ್ರೆಯನ್ನು ವೈದ್ಯರು ಹೇಳಿದ ಅಂತರದಲ್ಲಿ ತಪ್ಪದೆ ಹಾಕಿಸಿ.

ಸಮುದ್ರ ದಂಡೆಗೆ ನಾಯಿಯನ್ನು ಕರೆದೊಯ್ಯುವವರಿಗೆ ಒಂದು ಮಾತು. ಬಲೆ ಎಳೆದಲ್ಲಿ ಬಿಟ್ಟುಹೋದ ಮೀನಿನ ಜೊತೆ ನಾಯಿ ಮರಳನ್ನೂ ನುಂಗುತ್ತದೆ, ಗಾಳವನ್ನೂ ನುಂಗಬಹುದು. ಮೀಸೆ ಮೀನಿನ ಹಲ್ಲುಹಲ್ಲಾದ ಮುಳ್ಳು ಬಾಯಲ್ಲಿ ನಾಟಿದರೆ ಹಿಂದಕ್ಕೆ ಬರುವುದಿಲ್ಲ. ಹೊಟ್ಟೆ ಉಬ್ಬಿಸಿಕೊಂಡು ದಡಕ್ಕೆ ಬಿದ್ದ ಮೀನಿನಲ್ಲಂತೂ ಪ್ರಾಣ ತೆಗೆಯುವ ವಿಷವಿರುತ್ತದೆ. ಮನೆಯಲ್ಲಿ ತಾರ್ಲೆ, ಬಂಗಡೆ ಕೊಡುವುದಾದರೆ ಬೇಯಿಸಿ ಮುಳ್ಳು ಬಿಡಿಸಿ ಕೊಡಿ.

ಎಲುಬು ತಿಂದ ಮರುದಿನ ಮಲ ಬೆಳ್ಳಗೆ, ಸುಣ್ಣದಂತೆ ಗಟ್ಟಿಯಾಗಿದ್ದರೆ ಪ್ರಮಾಣ ಹೆಚ್ಚಾಯಿತೆಂದು ಅರ್ಥ. ಜೊಲ್ಲು ಸುರಿಸುತ್ತ ಮುಂಗಾಲಿನಿಂದ ಬಾಯಿ ಉಜ್ಜುವುದು, ಬರಿದೇ ಓಕರಿಸುವುದು, ಮುಕ್ಕಿ ಮುಕ್ಕಿ ಮಲ ಬಾರದಿರುವುದು, ರಕ್ತ, ಮುಟ್ಟಿದರೆ ಹೊಟ್ಟೆ ಬಿಗಿಯುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ನಮ್ಮ ಗಂಟಲಿಗೆ ಮುಳ್ಳು ಸಿಕ್ಕಾಗ ಅನ್ನದ ಉಂಡೆ, ಬಾಳೆಹಣ್ಣು ನುಂಗುತ್ತೇವಲ್ಲ, ಅದನ್ನು ನಾಯಿಗೆ ಮಾಡಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೂ ಕೆಟ್ಟದ್ದು, ಇಳಿದ ಚೂಪು ಮತ್ತೆ ಮೇಲೆ ಬರುವಾಗ ಸೀಳುತ್ತದೆ. ಕೂಡಲೇ ತಾಲೂಕಿನ ಪಶು ಆಸ್ಪತ್ರೆಗೆ ಫೋನು ಮಾಡಿ. ಹೊಟ್ಟೆ ಕೊಯ್ಯುವ ಸಂದರ್ಭ ಬಂದರೆ ಗೇರುಸೊಪ್ಪೆ ಘಾಟಿ ಹತ್ತಿ, ಸಾಗರ ದಾಟಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನವರೆಗೆ ಹೋಗಬೇಕಾದೀತು. ಅದು ತಾಸುಗಟ್ಟಲೆಯ ದಾರಿ. ದೊಡ್ಡ ಆಸ್ಪತ್ರೆ ದೂರವಿರುವ ಊರಿನಲ್ಲಿ ಎಲುಬಿನ ವಿಷಯಕ್ಕೆ ಪಟ್ಟಣದವರಿಗಿಂತ ನಾವು ಹೆಚ್ಚು ಜಾಗ್ರತೆಯಿಂದಿರಬೇಕು.

ಧಾರೇಶ್ವರದ ಧಾರಾನಾಥನ ಗುಡಿಯ ಸುತ್ತಲಿನಂಥ ಎಷ್ಟೋ ಸಸ್ಯಾಹಾರಿ ಮನೆಗಳಲ್ಲಿ ಎಲುಬು ಒಳಗೆ ಬರುವ ಪ್ರಶ್ನೆಯೇ ಇಲ್ಲ. ಅಲ್ಲಿ ಅನ್ನ ಮಜ್ಜಿಗೆಯಲ್ಲೇ ಬೆಳೆಯುವ ಮರಿಗೆ ಕ್ಯಾಲ್ಸಿಯಂ ಸಾಲದೆ ಕಾಲು ಸೊಟ್ಟಗಾಗುವುದುಂಟು. ಮೊಟ್ಟೆ ಒಪ್ಪುವ ಮನೆಯಾದರೆ ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಡಿ. 5 ಗ್ರಾಂ ತೂಗುವ ಒಂದು ಸಣ್ಣ ಚಮಚದಲ್ಲಿ ಸುಮಾರು 1,900 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹತ್ತು ಕಿಲೋ ತೂಗುವ, ಮನೆಯೂಟ ಉಣ್ಣುವ ಬೆಳೆದ ನಾಯಿಗೆ ದಿನಕ್ಕೆ ಅರ್ಧ ಚಮಚ ಸಾಕು. ಮರಿಗಳಿಗೆ, ಅದರಲ್ಲೂ ದೊಡ್ಡ ಜಾತಿಯ ಮರಿಗಳಿಗೆ, ಕ್ಯಾಲ್ಸಿಯಂ ಹೆಚ್ಚಾದರೂ ಎಲುಬು ಕೆಡುತ್ತದೆ. ಅಳತೆಯನ್ನು ವೈದ್ಯರಿಂದಲೇ ಕೇಳಿ.

ಹಲ್ಲು ಸವೆದ ಮುದಿ ನಾಯಿಗೆ, ಮೊದಲೊಮ್ಮೆ ಕರುಳು ಕಟ್ಟಿ ಬದುಕಿದ ನಾಯಿಗೆ ಯಾವ ಎಲುಬೂ ಬೇಡ. ಅದರ ಪಾಲಿನ ಎಲುಬನ್ನು ಉಪ್ಪು, ಈರುಳ್ಳಿ, ಮಸಾಲೆ ಏನೂ ಹಾಕದೆ ಬೇರೆ ಪಾತ್ರೆಯಲ್ಲಿ ಕುದಿಸಿ, ಸೋಸಿ, ಆ ನೀರನ್ನು ಅನ್ನಕ್ಕೆ ಕಲಸಿ ಕೊಡಿ. ಸೋಸಿದ ಎಲುಬನ್ನು ಬೀದಿನಾಯಿಗೂ ಸಿಗದ ಹಾಗೆ ಆಳವಾಗಿ ಹೂಳಿ.