ಕೋಳಿಯು ಕೋತಿಯನ್ನು ನುಂಗುವುದು ಹೇಗೆ? ವಿದ್ಯಾರ್ಥಿಗಳ ಮ್ಯೂಸಿಕ್ ವಿಡಿಯೊ ಮತ್ತು ಕ್ಯಾಮೆರಾದ ಜಾಣ್ಮೆ

ಪತ್ರಿಕೋದ್ಯಮ, ದೃಶ್ಯ ಸಂವಹನದಂತಹ ಕೋರ್ಸುಗಳಲ್ಲಿ ವಿದ್ಯಾರ್ಥಿಗಳಿಗೆ ವಹಿಸಲಾಗುವ ಪ್ರಾಯೋಗಿಕ ಕೆಲಸಗಳಲ್ಲಿ ಮ್ಯೂಸಿಕ್ ವಿಡಿಯೊ ತಯಾರಿಕೆಯೂ ಒಂದು. ನಾಲ್ಕು ನಿಮಿಷದ ಒಂದು ಹಾಡು, ಐದಾರು ಮಂದಿಯ ತಂಡ, ಒಂದು ಮೊಬೈಲ್, ಎಲ್ಲಿಂದಲೋ ಎರವಲು ತಂದ ಟ್ರೈಪಾಡ್, ಎರಡು ರಜಾ ದಿನ. ಇಷ್ಟರಲ್ಲೇ ಎಲ್ಲವೂ ಮುಗಿಯಬೇಕು. ತಂಡದ ಎಲ್ಲರ ಅಂಕವೂ ಆ ಒಂದೇ ಕಡತವನ್ನು ಅವಲಂಬಿಸಿರುತ್ತದೆ. ಮುಂದೆ ಕೆಲಸ ಕೇಳಿಕೊಂಡು ಹೋದಾಗ ತೋರಿಸಲು ಕೈಯಲ್ಲಿರುವುದೂ ಬಹುಪಾಲು ಅದೊಂದೇ.

ಇಂತಹ ಸಂದರ್ಭದಲ್ಲಿ ಹೆಚ್ಚಿನ ತಂಡಗಳು ಮೊದಲು ಯೋಚಿಸುವುದು ಸಲಕರಣೆಯ ಬಗ್ಗೆ. ಡ್ರೋನ್ ಬಾಡಿಗೆಗೆ ಸಿಗುವುದೇ, ದುಬಾರಿ ಲೆನ್ಸ್ ಯಾರ ಬಳಿ ಇದೆ ಎಂಬ ಹುಡುಕಾಟದಲ್ಲಿ ಒಂದು ವಾರ ಕಳೆದುಹೋಗುತ್ತದೆ. ಕಡೆಗೆ ಹೊರಬರುವುದು ನಿಧಾನಗತಿಯಲ್ಲಿ ಕೂದಲು ಹಾರಿಸುತ್ತ ನಡೆಯುವ ನಾಯಕ, ಹಂಪಿಯ ಬಂಡೆಗಳ ನಡುವೆ ತಿರುಗುವ ನಾಯಕಿ. ಹಾಡು ಬದಲಾದರೂ ದೃಶ್ಯ ಮಾತ್ರ ಬದಲಾಗುವುದಿಲ್ಲ. ಸಲಕರಣೆಗಿಂತ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಬೇರೆಯೇ ಇದೆ. ಹಾಡು ಹೇಳುತ್ತಿರುವುದಕ್ಕೂ ಚಿತ್ರ ತೋರಿಸುವುದಕ್ಕೂ ಏನು ಸಂಬಂಧ?

ಮಾತಿಗೆ ಚಿತ್ರವೇ, ಭಾವಕ್ಕೆ ಚಿತ್ರವೇ?

ಮಾಧ್ಯಮ ವಿದ್ವಾಂಸ ಆಂಡ್ರ್ಯೂ ಗುಡ್ವಿನ್ 1992ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಸಂಬಂಧವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಹಾಡಿನ ಮಾತನ್ನೇ ಚಿತ್ರ ತೋರಿಸುವುದು ಮೊದಲನೆಯದು. ಹಾಡಿನಲ್ಲಿ ಇಲ್ಲದ ಇನ್ನೊಂದು ಅರ್ಥವನ್ನು ಚಿತ್ರ ಸೇರಿಸುವುದು ಎರಡನೆಯದು. ಹಾಡಿಗೂ ಚಿತ್ರಕ್ಕೂ ಸಂಬಂಧವೇ ಇಲ್ಲದಂತಿರುವುದು ಮೂರನೆಯದು. ಬ್ರಿಟನ್ನಿನಲ್ಲಿ ಮಾಧ್ಯಮ ವಿಷಯ ಓದುವ ವಿದ್ಯಾರ್ಥಿಗಳಿಗೆ ಈ ವಿಂಗಡಣೆ ಚಿರಪರಿಚಿತ. ನಮ್ಮ ಸಿನಿಮಾ ಹಾಡುಗಳನ್ನು ನೋಡಿ ಬೆಳೆದವರಿಗೆ ಮೊದಲನೆಯ ಮತ್ತು ಮೂರನೆಯ ಬಗೆಗಳು ಹೇಳಿಕೊಡದೆಯೇ ಬರುತ್ತವೆ. ಕಷ್ಟವಿರುವುದು ಎರಡನೆಯದರಲ್ಲಿ.

ಶಿಶುನಾಳ ಶರೀಫರ ಪ್ರಸಿದ್ಧ ತತ್ವಪದವೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕೋಳಿಯು ಕೋತಿಯನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ, ಕುಣಿಯಲು ಬಂದವಳನ್ನು ಮದ್ದಲೆಯೇ ನುಂಗಿಬಿಡುತ್ತದೆ. ಒಂದರ ಹಿಂದೆ ಒಂದರಂತೆ ನಡೆಯುವ ಈ ನುಂಗಾಟ ಕಡೆಗೆ ಗುರುವಿನ ಪಾದದಲ್ಲಿ ಆತ್ಮ ಲೀನವಾಗುವಲ್ಲಿಗೆ ಬಂದು ನಿಲ್ಲುತ್ತದೆ. ಇದನ್ನು ಗ್ರಾಫಿಕ್ಸ್ ಮೂಲಕ ಮಾಡಹೊರಟರೆ ಲಕ್ಷಗಟ್ಟಲೆ ಹಣ ಬೇಕು. ಅಗ್ಗದ ಗ್ರಾಫಿಕ್ಸ್ ಆದರೆ ನೋಡುಗರು ನಗುತ್ತಾರೆ. ಜೀವಂತ ಕೋತಿಯನ್ನು ತರುವ ಮಾತಂತೂ ಬೇಡ. ಕೋತಿಗೆ ತರಬೇತಿ ಕೊಟ್ಟು ಪ್ರದರ್ಶಿಸುವುದನ್ನು ಕೇಂದ್ರ ಸರ್ಕಾರ 1998ರಲ್ಲಿಯೇ ನಿಷೇಧಿಸಿದೆ.

ಹಾಗಿದ್ದರೆ ದಾರಿ ಯಾವುದು? ಮೊಬೈಲ್ ಕ್ಯಾಮೆರಾದ ದೋಷವೆಂದು ಎಲ್ಲರೂ ದೂರುವ ಗುಣವೇ ಇಲ್ಲಿ ನೆರವಿಗೆ ಬರುತ್ತದೆ. ಮೊಬೈಲಿನ ಸೆನ್ಸರ್ ಬಹಳ ಚಿಕ್ಕದು. ಆದ್ದರಿಂದ ಹತ್ತಿರದ ವಸ್ತುವೂ ದೂರದ ವಸ್ತುವೂ ಬಹುಮಟ್ಟಿಗೆ ಒಟ್ಟಿಗೇ ಸ್ಪಷ್ಟವಾಗಿ ಕಾಣಿಸುತ್ತವೆ. ದೊಡ್ಡ ಕ್ಯಾಮೆರಾದಲ್ಲಿ ಹಿನ್ನೆಲೆ ಮಸುಕಾಗುವಂತೆ ಇಲ್ಲಿ ಆಗುವುದಿಲ್ಲ. ಕೋಳಿಯನ್ನು ಲೆನ್ಸ್‌ನಿಂದ ಎರಡು ಮೂರು ಅಡಿ ದೂರದ ಕಟ್ಟೆಯ ಮೇಲೆ ಬಿಟ್ಟು, ಕೋತಿಯ ಮುಖವಾಡ ತೊಟ್ಟ ಗೆಳೆಯನನ್ನು ಐವತ್ತು ಅಡಿ ಆಚೆ ಬಯಲಿನಲ್ಲಿ ನಿಲ್ಲಿಸಿದರೆ, ಪರದೆಯ ಮೇಲೆ ಕೋಳಿ ಆನೆಯಷ್ಟಾಗಿಯೂ ಗೆಳೆಯ ಕಾಳಿನಷ್ಟಾಗಿಯೂ ಕಾಣುತ್ತಾನೆ. ಕೋಳಿ ಕಾಳು ಹೆಕ್ಕಲು ಕತ್ತು ಬಗ್ಗಿಸಿದ ಕ್ಷಣ ಗೆಳೆಯ ನೆಲಕ್ಕೆ ಮಲಗಬೇಕು, ಅಷ್ಟೆ. ಕ್ಯಾಮೆರಾ ಕೋಳಿಯ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಬೇಕು. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕಿನ ಪ್ರಮಾಣ ಬದಲಾಗದಂತೆ ಬೀಗ ಹಾಕಿಕೊಳ್ಳಬೇಕು. ಪ್ರಖರ ಬಿಸಿಲಿನಲ್ಲಿ ಮಾಡಿದರೆ ಮಾತ್ರ ಇಬ್ಬರೂ ಚೆನ್ನಾಗಿ ಕಾಣುತ್ತಾರೆ. ಕೋಳಿ ಹೇಳಿದ ಮಾತು ಕೇಳುವುದಿಲ್ಲವಾದ್ದರಿಂದ ಇಪ್ಪತ್ತು ಮೂವತ್ತು ಬಾರಿಯಾದರೂ ಪ್ರಯತ್ನಿಸಬೇಕಾದೀತು ಎಂಬುದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳುವುದು ಒಳಿತು.

ಪದದ ಉಳಿದ ನುಂಗಾಟಗಳಿಗೂ ಇದೇ ಬಗೆಯ ಸರಳ ಉಪಾಯಗಳಿವೆ. ಕ್ಯಾಮೆರಾವನ್ನು ಅಲುಗಿಸದೆ ನಿಲ್ಲಿಸಿ, ನರ್ತಕಿಯನ್ನು ಮದ್ದಲೆಯ ಹಿಂದಿನಿಂದ ಹಾಯಿಸಿ, ಅವಳು ಮರೆಯಾದಾಗ ಚಿತ್ರೀಕರಣ ತಡೆದು, ಅವಳಿಲ್ಲದೆ ಮತ್ತೆ ಮುಂದುವರಿಸಿದರೆ ಅವಳು ಹೊರಬರುವುದೇ ಇಲ್ಲ. ಫ್ರಾನ್ಸಿನ ಜಾರ್ಜ್ ಮೆಲಿಯೆ 1890ರ ದಶಕದಲ್ಲಿಯೇ ಕ್ಯಾಮೆರಾ ನಿಲ್ಲಿಸಿ ಮನುಷ್ಯರನ್ನು ಮಾಯ ಮಾಡಿದ್ದ. ಅಂದಿನ ಆ ಕೈಚಳಕ ಇಂದಿಗೂ ಹಳತಾಗಿಲ್ಲ. ಆದರೆ ಎರಡು ತುಣುಕುಗಳ ನಡುವೆ ಮೋಡ ಸರಿದು ಬಿಸಿಲು ಬದಲಾದರೆ ಗುಟ್ಟು ರಟ್ಟಾಗುತ್ತದೆ.

ಕೊರತೆಯೇ ಆಯ್ಕೆಯಾದಾಗ

ಬಹು ಪ್ರಸಿದ್ಧವಾದ ಕೆಲವು ಮ್ಯೂಸಿಕ್ ವಿಡಿಯೊಗಳ ಹಿಂದೆಯೂ ಹಣದ ಕೊರತೆಯೋ ಅನಿರೀಕ್ಷಿತ ಅಡ್ಡಿಯೋ ಇರುವುದನ್ನು ಗಮನಿಸಬಹುದು. ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ‘ಯೆಲ್ಲೊ’ (2000) ಇದಕ್ಕೆ ಒಳ್ಳೆಯ ನಿದರ್ಶನ. ಡಾರ್ಸೆಟ್‌ನ ಸ್ಟಡ್‌ಲ್ಯಾಂಡ್ ಕಡಲತೀರದಲ್ಲಿ ಇಡೀ ತಂಡವನ್ನು ಇಟ್ಟುಕೊಂಡು ಚಿತ್ರಿಸುವುದೆಂದು ಯೋಜನೆಯಾಗಿತ್ತು. ಆದರೆ ಆ ದಿನ ಡ್ರಮ್ ವಾದಕನ ತಾಯಿಯ ಅಂತ್ಯಕ್ರಿಯೆ. ಜೊತೆಗೆ ಮಳೆ ಗಾಳಿ ಬೇರೆ. ಕಡೆಗೆ ಗಾಯಕ ಕ್ರಿಸ್ ಮಾರ್ಟಿನ್ ಒಬ್ಬನೇ ಮಳೆಯಂಗಿ ತೊಟ್ಟು ತೀರದಲ್ಲಿ ನಡೆಯುತ್ತ ಹಾಡಿದ. ಒಂದೇ ಶಾಟ್, ಎಲ್ಲಿಯೂ ಕತ್ತರಿ ಇಲ್ಲ. ಅಮೆರಿಕದ ಓಕೆ ಗೋ ತಂಡ 2006ರಲ್ಲಿ ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಕುಣಿದ ವಿಡಿಯೊವನ್ನು ಗಾಯಕನ ಅಕ್ಕ ನಿರ್ದೇಶಿಸಿದ್ದಳು. ಕ್ಯಾಮೆರಾ ನಿಂತಲ್ಲಿಂದ ಅಲುಗಲಿಲ್ಲ. ಹದಿನೇಳು ಬಾರಿ ಪ್ರಯತ್ನಿಸಿ ಪಡೆದ ಆ ಒಂದು ಶಾಟ್‌ಗೆ 2007ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಒಂದೇ ಶಾಟ್ ಎಂದರೆ ಸುಲಭ ಎಂದು ಭಾವಿಸುವಂತಿಲ್ಲ. ಸಂಕಲನದ ಶ್ರಮ ಉಳಿಯುತ್ತದೆ, ತಾಲೀಮಿನ ಶ್ರಮ ಹೆಚ್ಚುತ್ತದೆ. ಮೂರನೆಯ ನಿಮಿಷದಲ್ಲಿ ಒಬ್ಬ ತಪ್ಪಿದರೂ ಮೊದಲಿನಿಂದ ಆರಂಭಿಸಬೇಕು. ಆದರೂ ಕಂಪ್ಯೂಟರ್ ಕೊಠಡಿಯಲ್ಲಿ ಸರದಿ ಕಾಯಬೇಕಾದ ತಂಡಗಳಿಗೆ ಇದು ಲಾಭದಾಯಕವೇ.

ತುಟಿ ಹಾಡಿಗೆ ಹೊಂದಬೇಕು

ಹಾಡುಗಾರನನ್ನು ತೋರಿಸುವ ವಿಡಿಯೊಗಳಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವುದು ತುಟಿ ಚಲನೆಯಲ್ಲಿ. ಸ್ಥಳದಲ್ಲಿ ಸ್ಪೀಕರಿನಿಂದ ಹಾಡು ಕೇಳಿಸಿ, ಕಲಾವಿದ ಬರೀ ತುಟಿ ಅಲುಗಿಸದೆ ನಿಜವಾಗಿಯೇ ಗಟ್ಟಿಯಾಗಿ ಹಾಡಬೇಕು. ಆಗ ಮಾತ್ರ ಕತ್ತಿನ ನರ, ಎದೆಯ ಏರಿಳಿತ ಸಹಜವಾಗಿ ಕಾಣುತ್ತವೆ. ಆರಂಭದಲ್ಲಿಯೂ ಕೊನೆಯಲ್ಲಿಯೂ ಕ್ಯಾಮೆರಾ ಎದುರು ಒಮ್ಮೆ ಚಪ್ಪಾಳೆ ತಟ್ಟಿದರೆ ಸಂಕಲನದಲ್ಲಿ ಹೊಂದಿಸುವುದು ಸುಲಭ. ಕೊನೆಯ ಚಪ್ಪಾಳೆಗೆ ಕಾರಣವಿದೆ. ಅನೇಕ ಮೊಬೈಲ್‌ಗಳು ಬೆಳಕು ಕಡಿಮೆಯಾದಾಗ ಸೆಕೆಂಡಿಗೆ ತೆಗೆಯುವ ಚೌಕಟ್ಟುಗಳ ಸಂಖ್ಯೆಯನ್ನು ತಾವೇ ಇಳಿಸಿಬಿಡುತ್ತವೆ. ಮೊದಲ ಸಾಲಿನಲ್ಲಿ ಹೊಂದಿದ ತುಟಿ ಕೊನೆಯ ಚರಣದ ವೇಳೆಗೆ ಹಿಂದೆ ಬಿದ್ದಿರುತ್ತದೆ. ಈ ಸಂಖ್ಯೆಯನ್ನು ಸ್ಥಿರವಾಗಿಡುವ ಕ್ಯಾಮೆರಾ ತಂತ್ರಾಂಶ ಬಳಸುವುದೇ ಪರಿಹಾರ.

‘ಯೆಲ್ಲೊ’ದಲ್ಲಿ ಅಲೆಗಳೂ ಕೂದಲೂ ನಿಧಾನವಾಗಿ ಚಲಿಸಿದರೂ ತುಟಿ ಮಾತ್ರ ಹಾಡಿಗೆ ಸರಿಯಾಗಿಯೇ ಇದೆ. ಇದರ ಲೆಕ್ಕ ಸರಳ. ಸೆಕೆಂಡಿಗೆ 25ರ ಬದಲು 50 ಚೌಕಟ್ಟು ತೆಗೆಯಬೇಕು, ಸ್ಥಳದಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಕೇಳಿಸಬೇಕು, ಕಲಾವಿದ ಅದೇ ವೇಗದಲ್ಲಿ ಹಾಡಬೇಕು. ಬಳಿಕ ಆ ದೃಶ್ಯವನ್ನು 25ರ ಗತಿಯಲ್ಲಿ ಓಡಿಸಿದರೆ ಹಾಡು ಸಹಜ ವೇಗಕ್ಕೆ ಬರುತ್ತದೆ, ಜಗತ್ತು ಅರ್ಧ ವೇಗಕ್ಕೆ ಇಳಿಯುತ್ತದೆ. ನಾಲ್ಕು ನಿಮಿಷದ ಹಾಡನ್ನು ಎರಡೇ ನಿಮಿಷದಲ್ಲಿ ಹಾಡಲು ಒಂದು ವಾರದ ಅಭ್ಯಾಸವಾದರೂ ಬೇಕು. ಮೊಬೈಲಿನಲ್ಲಿ 60 ಮಾತ್ರ ಇದ್ದರೆ ಸಂಕಲನವನ್ನು 30ರಲ್ಲಿ ಮಾಡಬಹುದು. 120ರ ‘ಸ್ಲೋ ಮೋಷನ್’ ಗುಂಡಿ ಒತ್ತಿದರೆ, 30ರ ಗತಿಗೆ ತರಲು ನಾಲ್ಕು ಪಟ್ಟು ವೇಗದಲ್ಲಿ ಹಾಡಬೇಕಾಗುತ್ತದೆ. ಅಂತಹ ನಾಲಿಗೆ ಯಾರಿಗೂ ಇದ್ದಂತಿಲ್ಲ.

ಒಳಾಂಗಣದಲ್ಲಿ ಇನ್ನೊಂದು ಕಂಟಕವಿದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಟ್ಯೂಬ್‌ಲೈಟ್‌ಗಳೂ ಅಗ್ಗದ ಎಲ್‌ಇಡಿ ಬಲ್ಬ್‌ಗಳೂ ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾದಲ್ಲಿ ಪಟ್ಟೆ ಪಟ್ಟೆಯಾಗಿ ತೇಲುತ್ತದೆ. ಶಟರ್ ವೇಗವನ್ನು ಸೆಕೆಂಡಿನ ಐವತ್ತನೇ ಅಥವಾ ನೂರನೇ ಒಂದು ಭಾಗಕ್ಕೆ ನಿಲ್ಲಿಸಿದರೆ ಪಟ್ಟೆ ಸಾಮಾನ್ಯವಾಗಿ ಮಾಯವಾಗುತ್ತದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದ ಮೇಲೆ ಇದನ್ನು ಸರಿಪಡಿಸುವುದು ಬಹಳ ಕಷ್ಟ.

ಎರಡು ಕನ್ನಡಿಯ ಬೆಳಕು

ಬೆಳಕಿನ ವಿಷಯದಲ್ಲಿ ಕನ್ನಡಿಗರು ದೂರ ಹುಡುಕಬೇಕಾಗಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ, ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಚಿತ್ರದ ಹಾಡೊಂದರಲ್ಲಿ ಕತ್ತಲ ಸ್ಟುಡಿಯೊದೊಳಗೆ ಇಳಿಬಿಟ್ಟ ಬೆಳಕಿನ ಕೋಲು ಇಂದಿಗೂ ಛಾಯಾಗ್ರಹಣದ ಪಾಠವಾಗಿದೆ. ಅದಕ್ಕೆ ಅವರು ಬಳಸಿದ್ದು ದೊಡ್ಡ ದೀಪವನ್ನಲ್ಲ. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಿಂದ ಒಳಗೆ ಹಾಯಿಸಿ, ಮೇಲಿಟ್ಟ ಇನ್ನೊಂದು ಕನ್ನಡಿಯಿಂದ ಕೆಳಕ್ಕೆ ತಿರುಗಿಸಿದ್ದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ (2008ನೇ ಸಾಲಿನದು) ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಇದನ್ನು ಕಾಲೇಜಿನ ಸಭಾಂಗಣದಲ್ಲಿಯೂ ಮಾಡಬಹುದು. ಬೀರುವಿನ ಕನ್ನಡಿಯೊಂದನ್ನು ಅಂಗಳದಲ್ಲಿ, ಮತ್ತೊಂದನ್ನು ಏಣಿಯ ಮೇಲೆ ಹಿಡಿದರೆ ಸಾಕು. ಬೆಳಕಿನ ಕೋಲು ಕಾಣಬೇಕಾದರೆ ಗಾಳಿಯಲ್ಲಿ ಕಣಗಳಿರಬೇಕು. ಅದಕ್ಕೆ ಸಾಂಬ್ರಾಣಿ ಧೂಪ ಹಾಕಿದರಾಯಿತು. ಸೂರ್ಯ ಸರಿಯುವುದರಿಂದ ಹೊರಗಿನ ಕನ್ನಡಿಯನ್ನು ಕೆಲವು ನಿಮಿಷಕ್ಕೊಮ್ಮೆ ತಿರುಗಿಸುತ್ತಿರಲು ಒಬ್ಬನನ್ನು ನಿಯೋಜಿಸಬೇಕು. ಪ್ರತಿಫಲಿಸಿದ ಬಿಸಿಲು ಯಾರ ಕಣ್ಣಿಗೂ ನೇರವಾಗಿ ಬೀಳದಂತೆ ಎಚ್ಚರವಿರಲಿ. ಸಾಮಾನ್ಯ ದೃಶ್ಯಗಳಿಗೆ ಬಿಳಿ ಥರ್ಮಾಕೋಲ್ ಹಾಳೆಯೊಂದು ಮುಖದ ನೆರಳು ತಿಳಿಯಾಗಿಸಲು ಸಾಕಾಗುತ್ತದೆ. ಸಿನಿಮಾ ಸೆಟ್‌ಗಳಲ್ಲಿಯೂ ಅದನ್ನೇ ಬಳಸುತ್ತಾರೆ.

ಸಂಕಲನದ ಲೆಕ್ಕವನ್ನು ಚಿತ್ರೀಕರಣಕ್ಕೆ ಮೊದಲೇ ಹಾಕಿಕೊಳ್ಳಬೇಕು. ನಿಮಿಷಕ್ಕೆ ನೂರು ತಾಳದ ಹಾಡಾದರೆ ಒಂದು ತಾಳಕ್ಕೆ 25ರ ಗತಿಯಲ್ಲಿ 15 ಚೌಕಟ್ಟು, ಎಂಟು ತಾಳದ ಒಂದು ಆವರ್ತನಕ್ಕೆ 4.8 ಸೆಕೆಂಡು, ನಾಲ್ಕು ನಿಮಿಷಕ್ಕೆ ಐವತ್ತು ಆವರ್ತನ. ಕಾಗದದ ಮೇಲೆ ಐವತ್ತು ಮನೆ ಗೀಚಿ ಯಾವುದರಲ್ಲಿ ಏನು ಎಂದು ಬರೆದಿಟ್ಟರೆ ಯಾವ ಶಾಟ್ ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ತಿಳಿಯುತ್ತದೆ. ಪ್ರತಿ ತಾಳಕ್ಕೂ ಕತ್ತರಿಸುವ ಚಟ ಮಾತ್ರ ಬೇಡ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಕಣ್ಣು ದಣಿಯುತ್ತದೆ.

ಹಾಡು ಯಾರದು, ಜಾಗ ಯಾರದು

ಇಷ್ಟೆಲ್ಲ ಮಾಡಿದ ವಿಡಿಯೊ ಅಂತರ್ಜಾಲಕ್ಕೆ ಏರಿಸಿದ ಮರುಕ್ಷಣವೇ ತಡೆಹಿಡಿಯಲ್ಪಡುವುದುಂಟು. ಯೂಟ್ಯೂಬ್‌ನಲ್ಲಿ 2007ರಿಂದಲೂ ಇರುವ ಸ್ವಯಂಚಾಲಿತ ವ್ಯವಸ್ಥೆ ಹಕ್ಕುಳ್ಳ ಧ್ವನಿಮುದ್ರಣವನ್ನು ಗುರುತಿಸುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಯ ಜೀವಿತಾವಧಿ ಮತ್ತು ನಿಧನಾನಂತರ 60 ವರ್ಷ ಸಾಹಿತ್ಯದ ಹಕ್ಕು ಇರುತ್ತದೆ. 1981ರಲ್ಲಿ ನಿಧನರಾದ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ, 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳದು 2054ರ ಕೊನೆಯವರೆಗೆ ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಕವಿತೆಗಳ ಅವಧಿ ಮುಗಿದಿದೆ. 1889ರಲ್ಲಿ ಕಾಲವಾದ ಶರೀಫರ ಪದಗಳಿಗೂ ದಾಸರ ಪದಗಳಿಗೂ ತೊಡಕಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಪದ ಶರೀಫರದಾದರೂ ಸಿ. ಅಶ್ವತ್ಥ್ ಮೊದಲಾದವರು ಮನೆಮಾತಾಗಿಸಿದ ಧಾಟಿಗಳು ಅವರವರ ಸಂಗೀತ ರಚನೆಗಳು. ಧ್ವನಿಮುದ್ರಣಕ್ಕೆ ಪ್ರಕಟವಾದ ವರ್ಷದಿಂದ 60 ವರ್ಷಗಳ ಪ್ರತ್ಯೇಕ ಹಕ್ಕಿದೆ. ಕಾಲೇಜಿನಲ್ಲೇ ಹಾಡುವವರನ್ನು ಹುಡುಕಿ, ಹೊಸ ಧಾಟಿ ಕಟ್ಟಿ, ತಾವೇ ಧ್ವನಿಮುದ್ರಿಸಿಕೊಂಡರೆ ಹಾಡು ಪೂರ್ತಿ ತಂಡದ್ದಾಗುತ್ತದೆ.

ಅನುಮತಿಯ ವಿಷಯವನ್ನೂ ಕೊನೆಗಳಿಗೆಗೆ ಬಿಡುವಂತಿಲ್ಲ. ಹಂಪಿಯಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಿಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಪ್ಪಿಗೆ ಬೇಕು. ರೈಲು ಹಳಿಯ ಮೇಲೆ ಅನುಮತಿಯಿಲ್ಲದೆ ಓಡಾಡುವುದು 1989ರ ರೈಲ್ವೆ ಕಾಯ್ದೆಯಡಿ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಕಿವಿಗೆ ಹಾಡು ಹಾಕಿಕೊಂಡವನಿಗೆ ಹಿಂದಿನಿಂದ ಬರುವ ರೈಲು ಕೇಳಿಸುವುದಿಲ್ಲ. ಜಲಪಾತದ ಅಂಚು, ಕೆರೆಯ ಏರಿಯ ಮೇಲೆ ಕ್ಯಾಮೆರಾ ನೋಡುತ್ತ ಹಿಂದಕ್ಕೆ ಹೆಜ್ಜೆಯಿಡುವವನ ಬೆನ್ನಿಗೆ ಕೈಯಿಟ್ಟು ನಡೆಸಲು ಇನ್ನೊಬ್ಬನಿರಲೇಬೇಕು. ಅಂತಹ ಕೆಲಸಕ್ಕೆ ಜನ ಸಾಲದಿದ್ದರೆ ಆ ಶಾಟನ್ನೇ ಕೈಬಿಟ್ಟು, ಕೋಳಿ ಸಾಕಿದವರ ಮನೆಯಂಗಳಕ್ಕೆ ಮರಳಬಹುದು. ಕೋಳಿ ಗೂಡು ಸೇರುವ ಸಂಜೆ ಹೊತ್ತಿಗೆ ಮುನ್ನ ಅಲ್ಲಿಗೆ ತಲುಪಬೇಕು, ಅಷ್ಟೆ.