ಕೆರೆಯ ಎರಡು ದೋಷಗಳೂ ಗ್ರಾಮಪಂಚಾಯತಿಗಳೂ

ಕಡಪ ಸೀಮೆಯ ಪೋರುಮಾಮಿಳ್ಳ ಶಾಸನವು (ಕ್ರಿ. ಶ. 1369) ತಟಾಕಕ್ಕೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅವುಗಳಲ್ಲಿ ಎರಡು ದೋಷಗಳು ಪರಸ್ಪರವಿರುದ್ಧವಾದುವು: ಅಲ್ಪಜಲಕ್ಕೆ ವಿಸ್ತಾರವಾದ ಭೂಮಿ, ಅಲ್ಪಭೂಮಿಗೆ ಅಧಿಕವಾದ ಜಲ. ಆಗ ಇವು ಸ್ಥಳದೋಷಗಳು. ಅಂಥ ಸ್ಥಳವನ್ನು ವರ್ಜಿಸಿದರೆ ಸಾಕಾಗುತ್ತಿತ್ತು. ಹವಾಮಾನವು ವ್ಯತ್ಯಸ್ತವಾಗಿರುವ ಈಗಲಾದರೋ ಒಂದೇ ನಾಡಿನಲ್ಲಿ ಎರಡೂ ಬೆನ್ನುಬೆನ್ನಿಗೆ ಬರುತ್ತವೆ. ಕರ್ನಾಟಕದಲ್ಲಿ 2022ರ ಅತಿವೃಷ್ಟಿಗೆ ಕೆರೆಗಳು ಕೋಡಿಬಿದ್ದುವು, ಕೆಲವು ಒಡೆದುವು. 2023ರಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಆದಕಾರಣ ಪಂಚಾಯತಿಯು ಹೂಳೆತ್ತಿಸಿದರೆ ಸಾಲದು. ಏರಿಯನ್ನು ಬಲಪಡಿಸಿ, ಕೋಡಿಯ ಹಳ್ಳವನ್ನು ಒತ್ತುವರಿಯಿಂದ ಕಾಯಬೇಕು. ಇದಕ್ಕೆ ದ್ರವ್ಯವೆಲ್ಲಿ? ಶಾಸನಗಳಲ್ಲಿ ಕಾಣುವ ಬಿತ್ತುವಟ್ಟವು ಕೆರೆಯ ಕೆಳಗಣ ಗದ್ದೆಗಳ ಹುಟ್ಟುವಳಿಯ ಅಂಶವನ್ನು ಕೆರೆಯ ರಕ್ಷಣೆಗೇ ಮೀಸಲಿಡುತ್ತಿತ್ತು. 1992ರ ಸಂವಿಧಾನ ತಿದ್ದುಪಡಿಯು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸಣ್ಣ ನೀರಾವರಿಯನ್ನು ಸೇರಿಸಿತು. ಅಂಥ ನಿಯತವಾದ ಆದಾಯವನ್ನು ಮಾತ್ರ ಅದರೊಡನೆ ಕಟ್ಟಲಿಲ್ಲ.