ಮಳೆಗಾಲದ ಓಟ: ಶೂ ಒಳಗೆ ನೀರು ಬಂದೇ ಬರುತ್ತೆ, ಹೊರಗೆ ಹೋಗುತ್ತಾ?

ಜೂನ್ ಬಂತೆಂದರೆ ಮಲೆನಾಡು, ಕರಾವಳಿಯ ಮೈದಾನಗಳೆಲ್ಲ ಕೆಸರುಗದ್ದೆ. ಆದರೆ ಸರ್ಕಾರಿ ನೇಮಕಾತಿಯ ತಯಾರಿ ಮಳೆ ಬಂತು ಅಂತ ನಿಲ್ಲೋದಿಲ್ಲ. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಕೇಂದ್ರದ ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 5 ಕಿ.ಮೀ.ಯನ್ನು 24 ನಿಮಿಷದಲ್ಲಿ, ಮಹಿಳೆಯರು 1.6 ಕಿ.ಮೀ.ಯನ್ನು ಎಂಟೂವರೆ ನಿಮಿಷದಲ್ಲಿ ಓಡಬೇಕು. ಇದಕ್ಕಾಗಿ ಬೆಳಗ್ಗೆ ಐದಕ್ಕೇ ತಾಲ್ಲೂಕು ಮೈದಾನಕ್ಕೆ ಬರುವ ಹುಡುಗ ಹುಡುಗಿಯರ ಕಾಲಲ್ಲಿ ನಾನು ಹೆಚ್ಚಾಗಿ ನೋಡೋದು ಸವೆದ ಕ್ಯಾನ್ವಾಸ್ ಶೂ ಮತ್ತು ಕಾಟನ್ ಸಾಕ್ಸ್. ಅದೂ ಇಲ್ಲದವರು ಬರಿಗಾಲಲ್ಲೇ ಓಡ್ತಾರೆ. ಪರೀಕ್ಷೆಗೆ ಎರಡು ವಾರ ಇರುವಾಗ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೆ, ಕಾಲು ಉಳುಕಿದರೆ, ಮುಂದಿನ ಅಧಿಸೂಚನೆಗೆ ಎಷ್ಟು ಕಾಯಬೇಕು ಅನ್ನೋದು ತಯಾರಿ ನಡೆಸುವವರಿಗೆಲ್ಲ ಗೊತ್ತು.

ಹಾಗಾಗಿ ಮಳೆಯಲ್ಲಿ ಓಡೋಕೆ ಏನು ಹಾಕ್ಕೋಬೇಕು ಅನ್ನೋದು ಶೋಕಿಯ ಪ್ರಶ್ನೆಯಲ್ಲ. ಇದರ ಹಿಂದಿರೋದು ಸರಳ ವಿಜ್ಞಾನ. ಗೊತ್ತಿದ್ದರೆ ದುಡ್ಡೂ ಉಳಿಯುತ್ತೆ.

‘ವಾಟರ್‌ಪ್ರೂಫ್’ ಎಂಬ ಬಕೆಟ್

ಮಳೆ ಅಂದ ತಕ್ಷಣ ಅಂಗಡಿಯವರು ತೋರಿಸೋದು ವಾಟರ್‌ಪ್ರೂಫ್ ಶೂ. ಬಟ್ಟೆಯ ಒಳಗೆ ತೆಳ್ಳನೆಯ ಪೊರೆ ಇರುವ ಈ ಶೂಗಳು ಚಳಿ ದೇಶಗಳ ಹಿಮಕ್ಕೆ, ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಡೆಯೋಕೆ ಚೆನ್ನಾಗಿಯೇ ಇವೆ. ನಮ್ಮ ಮುಂಗಾರಿನಲ್ಲಿ ಓಡುವಾಗ ನೀರು ಬರೋದು ಮೇಲಿಂದ. ಕಾಲಿನ ಮೇಲೆ ಇಳಿಯುವ ಮಳೆ, ಹೊಂಡದಿಂದ ಎರಚುವ ನೀರು ಎಲ್ಲವೂ ಶೂವಿನ ಬಾಯಿಂದಲೇ ಒಳಗೆ ಹೋಗುತ್ತೆ. ಹೊರಗಿನ ನೀರನ್ನು ತಡೆಯುವ ಪೊರೆಯೇ ಒಳಗಿನ ನೀರನ್ನೂ ಹಿಡಿದಿಟ್ಟುಕೊಳ್ಳುತ್ತೆ. ಆಮೇಲೆ ನೀವು ಓಡೋದು ಎರಡು ಬಕೆಟ್ ಕಟ್ಟಿಕೊಂಡು.

ಸಾದಾ ಬಲೆಬಟ್ಟೆಯ, ಅಂದರೆ ಮೆಶ್ ಇರುವ ಶೂ ಬೇಗ ಒದ್ದೆಯಾಗುತ್ತೆ ನಿಜ. ಆದರೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನೀರು ಹಿಂಡಿ ಹೊರಗೂ ಹೋಗುತ್ತೆ. ದಪ್ಪ ಪ್ಯಾಡಿಂಗ್ ಇರುವ ಶೂ ಸ್ಪಂಜಿನಂತೆ ನೀರು ಕುಡಿಯುತ್ತೆ, ಅದನ್ನೂ ಬಿಡಿ. ಮಳೆಯಲ್ಲಿ ಕಾಲು ಒಣಗಿರಬೇಕು ಅನ್ನೋ ಆಸೆ ಬಿಟ್ಟು, ನೀರಿಗೆ ಹೊರಹೋಗುವ ದಾರಿ ಇದೆಯಾ ಅಂತ ನೋಡಿ.

ಸಾಕ್ಸ್: ಮೊದಲ ಖರ್ಚು ಇಲ್ಲಿ

ಬೊಬ್ಬೆ ಬರೋದು ತಿಕ್ಕಾಟದಿಂದ. ನೀರಲ್ಲಿ ನೆಂದ ಚರ್ಮ ಮೆತ್ತಗಾಗಿ ಸುಕ್ಕುಗಟ್ಟುತ್ತೆ, ಸಣ್ಣ ತಿಕ್ಕಾಟಕ್ಕೂ ಸುಲಿಯುತ್ತೆ. ಹತ್ತಿಯ ಎಳೆ ನೀರನ್ನು ಒಳಗೆ ಎಳೆದುಕೊಂಡು ಭಾರವಾಗಿ ಜೋಲುತ್ತೆ, ಮಡಿಕೆ ಬೀಳುತ್ತೆ. ಪಾಲಿಯೆಸ್ಟರ್ ಎಳೆ ತನ್ನ ತೂಕದ ಶೇ. 1ರಷ್ಟು ತೇವವನ್ನೂ ಹೀರುವುದಿಲ್ಲ. ಮೆರಿನೋ ಉಣ್ಣೆ ತೇವ ಹೀರಿದರೂ ಬೆಚ್ಚಗಿರುತ್ತೆ, ವಾಸನೆ ಕಡಿಮೆ, ಬೆಲೆ ಹೆಚ್ಚು. ನಮ್ಮ ಹವೆಗೆ ತೆಳು ಪಾಲಿಯೆಸ್ಟರ್ ಅಥವಾ ನೈಲಾನ್ ಸಾಕ್ಸ್ ಸಾಕು.

ಕೊಳ್ಳುವಾಗ ಲೇಬಲ್ ಓದಿ. ‘ಕಾಟನ್ 80%’ ಅಂತ ಇದ್ದರೆ ವಾಪಸ್ ಇಡಿ. ಪಾಲಿಯೆಸ್ಟರ್, ನೈಲಾನ್ ಅಥವಾ ಪಾಲಿಯಮೈಡ್, ಜೊತೆಗೆ ಸ್ವಲ್ಪ ಸ್ಪ್ಯಾಂಡೆಕ್ಸ್ ಅಂತಿದ್ದರೆ ಸರಿ. ಕಾಲಿಗೆ ಬಿಗಿಯಾಗಿ ಕೂರಬೇಕು, ಕಾಲಗಂಟಿಗಿಂತ ಮೇಲಿರಬೇಕು. ಗಿಡ್ಡ ಸಾಕ್ಸ್ ಹಾಕಿದರೆ ಮರಳು, ಕೆಸರು ಒಳಗೆ ಸೇರಿ ಉಜ್ಜುಕಾಗದದ ಕೆಲಸ ಮಾಡುತ್ತೆ. ಬೆರಳ ಸಂದಿ ಸುಲಿಯುವವರು ಬೆರಳಿಗೊಂದು ಗೂಡಿರುವ ಸಾಕ್ಸ್ ನೋಡಬಹುದು. ಇಲ್ಲದಿದ್ದರೆ ಓಡುವ ಮುಂಚೆ ಸಂದಿಗೆ ವ್ಯಾಸಲಿನ್ ಹಚ್ಚಿದರೂ ಆಗುತ್ತೆ.

ಕಾಡುದಾರಿಯಲ್ಲಿ ಓಡುವವರಿಗೆ ಉಂಬಳದ ಕಾಟ ಬೇರೆ. ಅದಕ್ಕೆ ಒತ್ತಾಗಿ ನೇಯ್ದ, ಮೊಣಕಾಲವರೆಗೆ ಬರುವ ಸಾಕ್ಸ್ ಬೇಕು. ಸಡಿಲ ಹೆಣಿಗೆಯ ಮೂಲಕವೂ ಅದು ಕಚ್ಚುತ್ತೆ.

ತಳ ನೋಡಿ ಕೊಳ್ಳಿ

ರಸ್ತೆ ಓಟದ ಶೂವಿನ ತಳ ಹೆಚ್ಚುಕಡಿಮೆ ಚಪ್ಪಟೆ. ಅದರ ಸಣ್ಣ ಗೆರೆಗಳಲ್ಲಿ ಕೆಸರು ತುಂಬಿದರೆ ತಳ ನುಣುಪಾಗಿ ಜಾರುತ್ತೆ. ಟ್ರೈಲ್ ಶೂಗಳ ತಳದಲ್ಲಿ ರಬ್ಬರ್ ಹಲ್ಲುಗಳಿರುತ್ತವೆ. 4-5 ಮಿ.ಮೀ. ಹಲ್ಲು ಕಾಲುದಾರಿಗೆ ಸಾಕು, ಆಳದ ಕೆಸರಿಗೆ 6-8 ಮಿ.ಮೀ. ಬೇಕು. ಹಲ್ಲುಗಳ ನಡುವೆ ಅಂತರವಿರಬೇಕು, ಇಲ್ಲದಿದ್ದರೆ ಮಣ್ಣು ಉದುರದೆ ಅಲ್ಲೇ ಕಚ್ಚಿಕೊಳ್ಳುತ್ತೆ. ಇದೇ ಶೂ ಡಾಂಬರಿನಲ್ಲಿ ಕಾಲನ್ನು ಅಲುಗಾಡಿಸುತ್ತೆ, ಬೇಗ ಸವೆಯುತ್ತೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಎಷ್ಟು ದೊಡ್ಡ ಹಲ್ಲಿದ್ದರೂ ಉಪಯೋಗವಿಲ್ಲ. ಅಲ್ಲಿ ಹೆಜ್ಜೆ ಸಣ್ಣದು ಮಾಡಬೇಕು, ಅಷ್ಟೆ.

ಬಜೆಟ್ ಕಡಿಮೆ ಇದ್ದರೆ ತಳದಲ್ಲಿ ಸಣ್ಣ ರಬ್ಬರ್ ಗುಬ್ಬಿಗಳಿರುವ ಫುಟ್‌ಬಾಲ್ ಟರ್ಫ್ ಶೂ ತೆಳು ಕೆಸರಿನ ಮೈದಾನಕ್ಕೆ ಆಗುತ್ತೆ. ಉದ್ದ ಸ್ಟಡ್ ಇರುವುದು ಬೇಡ. ಗಟ್ಟಿ ನೆಲ ಸಿಕ್ಕ ಕೂಡಲೇ ಪಾದ ನೋಯುತ್ತೆ. ಯಾವ ಶೂ ಆದರೂ ಲೇಸನ್ನು ಕೊನೆಯ ತೂತಿನವರೆಗೂ ಬಿಗಿದು ಕಟ್ಟಿ. ಸಡಿಲವಿದ್ದರೆ ಕೆಸರು ಶೂವನ್ನೇ ಕಿತ್ತುಕೊಳ್ಳುತ್ತೆ.

‘ಬರಿಗಾಲಲ್ಲಿ ಓಡಿದವರಿಲ್ಲವೇ?’

ಇದ್ದಾರೆ. 1978ರಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದ ಶಿವನಾಥ್ ಸಿಂಗ್ ಬರಿಗಾಲ ಓಟಕ್ಕೇ ಹೆಸರಾದವರು. ಕಂಬಳದ ಓಟಗಾರರೂ ಶೂ ಹಾಕೋದಿಲ್ಲ. ಆದರೆ ಕಂಬಳದ ಕರೆ ಓಟಕ್ಕೆಂದೇ ಹದ ಮಾಡಿದ ಜಾಗ. ನಮ್ಮ ತಾಲ್ಲೂಕು ಮೈದಾನದ ಕೆಸರಿನಡಿ ಬಾಟಲಿ ಚೂರಿದೆಯೋ ಮೊಳೆಯಿದೆಯೋ ಯಾರು ಬಲ್ಲರು? ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಇಲಿ ಮೂತ್ರ ಸೇರಿದ ನಿಂತ ನೀರಿನಿಂದ, ಚರ್ಮದ ಗಾಯದ ಮೂಲಕ ಬರುತ್ತೆ. ಕಾಲಲ್ಲಿ ಗಾಯವಿದ್ದು, ಅಂಥ ನೀರಲ್ಲಿ ಓಡಿದ ಮೇಲೆ ಜ್ವರ ಬಂದರೆ ವೈದ್ಯರಿಗೆ ಆ ವಿಷಯ ಹೇಳಿ.

ಓಡಿ ಬಂದ ಮೇಲೆ ಶೂ ತೊಳೆದು, ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ ಗಾಳಿಗಿಡಿ. ಒಲೆ ಪಕ್ಕ ಇಟ್ಟರೆ ಅಂಟು ಬಿಡುತ್ತೆ. ಬೆರಳ ಸಂದಿಯನ್ನು ಒರೆಸಿ ಒಣಗಿಸಿ. ಗದ್ದೆ ಕೆಲಸದವರನ್ನು ಕಾಡುವ ಕೆಸರು ಹುಣ್ಣು ಓಟಗಾರರನ್ನೂ ಬಿಡೋದಿಲ್ಲ.

ಬೆಲೆಯ ರಾಜಕೀಯ

2022ರ ಜನವರಿಯಲ್ಲಿ ಕೇಂದ್ರ ಸರ್ಕಾರ 1000 ರೂಪಾಯಿವರೆಗಿನ ಪಾದರಕ್ಷೆಯ ಜಿಎಸ್‌ಟಿಯನ್ನು ಶೇ. 5ರಿಂದ 12ಕ್ಕೆ ಏರಿಸಿತು. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗೆ ಮತ್ತೆ ಶೇ. 5, ಅದಕ್ಕಿಂತ ಮೇಲೆ ಶೇ. 18. ಇಳಿಸಿದ್ದು ಒಳ್ಳೆಯದೇ. ಆದರೆ ಹೆಸರಾಂತ ಬ್ರ್ಯಾಂಡ್‌ಗಳ ಟ್ರೈಲ್ ಶೂಗಳು ಹೆಚ್ಚಾಗಿ 2500ರ ಗಡಿ ದಾಟಿದವು. ಅಭ್ಯರ್ಥಿಯ ಓಟವನ್ನು ಸೆಕೆಂಡ್ ಲೆಕ್ಕದಲ್ಲಿ ಅಳೆಯುವ ಸರ್ಕಾರ, ಅವರು ಯಾವ ನೆಲದಲ್ಲಿ, ಏನು ಹಾಕಿಕೊಂಡು ತಯಾರಾದರು ಅಂತ ಕೇಳೋದಿಲ್ಲ. ಸಿಂಥೆಟಿಕ್ ಟ್ರ್ಯಾಕ್ ಇರುವ ಊರಿನವರಿಗೂ ಕೆಸರಲ್ಲಿ ಓಡುವವರಿಗೂ ಪರೀಕ್ಷೆಯ ಗಡಿಯಾರ ಒಂದೇ. ತಾಲ್ಲೂಕು ಮೈದಾನಕ್ಕೆ ಗ್ಯಾಲರಿ ಕಟ್ಟುವ ಮುಂಚೆ ನೀರು ಹರಿದುಹೋಗುವ ಚರಂಡಿ ಮಾಡಿ ಅಂತ ನಿಮ್ಮ ಶಾಸಕರನ್ನು ಕೇಳಿ. ಅದು ದೊಡ್ಡ ಬೇಡಿಕೆಯೇನಲ್ಲ.

ಅಲ್ಲಿಯವರೆಗೆ ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ಎರಡು ಜೊತೆ ಪಾಲಿಯೆಸ್ಟರ್ ಸಾಕ್ಸ್ ಕೊಳ್ಳಿ. ಒಂದು ಕಾಲಿಗೆ, ಇನ್ನೊಂದು ಒಣಗುವ ಹಗ್ಗಕ್ಕೆ. ಶೂ ಮುಂದಿನ ತಿಂಗಳು ನೋಡಿದರಾಯ್ತು.